ಒರಟು ಮೈ ಕೊಟ್ಟರೆ ಪ್ರೋಟೀನ್ ಹರಳುಗಟ್ಟುತ್ತಾ? ಕವರ್‌ಸ್ಲಿಪ್ ಗೀಚಿ ನೋಡಿದವರು ಇದ್ದೀರಾ?

ಸಣ್ಣಹನಿ

ಎಲ್ಲರಿಗೂ ನಮಸ್ಕಾರ. ಬ್ಯಾಕ್ಟೀರಿಯಾದ ಒಂದು ಎನ್‌ಜೈಮ್ ಹಿಂದೆ ಬಿದ್ದಿದ್ದೇನೆ. ಸುಮಾರು 32 ಕಿಲೋಡಾಲ್ಟನ್. ಜೆಲ್‌ನಲ್ಲಿ ಒಂದೇ ಬ್ಯಾಂಡ್ ಬರುತ್ತೆ, ಚಟುವಟಿಕೆಯೂ ಚೆನ್ನಾಗಿದೆ. ಎಕ್ಸ್‌ರೇಯಲ್ಲಿಟ್ಟು ಅಣುವಿನ ಆಕಾರ ನೋಡಲು ಬೇಕಾದ ಹರಳು ಮಾತ್ರ ಇಲ್ಲ. ಹ್ಯಾಂಗಿಂಗ್ ಡ್ರಾಪ್ (ಕವರ್‌ಸ್ಲಿಪ್ ಅನ್ನುವ ತೆಳು ಗಾಜಿಗೆ ಹನಿಯನ್ನು ತಲೆಕೆಳಗಾಗಿ ತೂಗಿಸಿ, ಕೆಳಗಿನ ಗುಳಿಯಲ್ಲಿ, ಅಂದರೆ ವೆಲ್‌ನಲ್ಲಿ, ದ್ರಾವಣ ಇಡುವ ವಿಧಾನ), 1 ಮೈಕ್ರೋಲೀಟರ್ ಪ್ರೋಟೀನಿಗೆ 1 ಮೈಕ್ರೋಲೀಟರ್ ವೆಲ್ ದ್ರಾವಣ, 20 ಡಿಗ್ರಿ. ಪ್ರೋಟೀನನ್ನು ದ್ರಾವಣದಿಂದ ಹೊರತಳ್ಳುವ ಪಾಲಿಮರ್ ಪಿಇಜಿ 3350 ಕಡಿಮೆ ಇದ್ದರೆ ಹನಿ ತಿಳಿಯಾಗಿಯೇ ಉಳಿಯುತ್ತೆ. ಸ್ವಲ್ಪ ಏರಿಸಿದರೆ ಕಂದು ಗಸಿ. ನಡುವೆ ಏನೂ ಇಲ್ಲ.

ರಂಧ್ರಗಳಿರುವ ಮೈ, ಗೀರು ಬಿದ್ದ ಮೈ ಕೊಟ್ಟರೆ ಹರಳು ಬೇಗ ಶುರುವಾಗುತ್ತೆ ಅಂತ ಓದಿದೆ. ಆದರೆ ನಾವು ಕವರ್‌ಸ್ಲಿಪ್‌ಗೆ ಸಿಲಿಕೋನ್ ಲೇಪನ ಕೊಡುವುದೇ ಅದು ನುಣುಪಾಗಿರಲಿ, ಗಾಜಿಗೆ ಏನೂ ಅಂಟದಿರಲಿ ಅಂತ ಅಲ್ವಾ? ಒಂದು ಕಡೆ ನುಣುಪು ಮಾಡಿ, ಇನ್ನೊಂದು ಕಡೆ ಒರಟು ಬೇಕು ಅನ್ನುವುದು ಹೇಗೆ? ಸ್ಯಾಂಡ್‌ಪೇಪರ್‌ನಲ್ಲಿ ಸ್ಲಿಪ್ ಉಜ್ಜಿದರೆ ಸಾಕಾ, ಅಥವಾ ಅದಕ್ಕೊಂದು ಲೆಕ್ಕ ಇದೆಯಾ?

ಗಾಜುಕಡ್ಡಿ

ಉಜ್ಜಿ ನೋಡಿ, ಏನು ಹೋಗುತ್ತೆ? ರಸಾಯನಶಾಸ್ತ್ರದವರು ಹರಳು ಬರದಿದ್ದಾಗ ಬೀಕರಿನ ಒಳಮೈಯನ್ನು ಗಾಜಿನ ಕಡ್ಡಿಯಲ್ಲಿ ಗೀಚುವುದು ಬಹಳ ಹಳೆಯ ಅಭ್ಯಾಸ. ನನ್ನ ಹೆಸರೇ ಅದರದ್ದು. ಸಣ್ಣ ಅಣುಗಳಿಗೆ ನಡೆಯುವುದು ಪ್ರೋಟೀನಿಗೆ ಯಾಕೆ ನಡೆಯಬಾರದು?

ಮೂರನೇಆಯಾಮ

ಉಜ್ಜಬಹುದು. ಆದರೆ ಯಾಕೆ ಉಜ್ಜುತ್ತಿದ್ದೇವೆ ಅಂತ ಗೊತ್ತಿದ್ದರೆ ಎಲ್ಲಿ ಉಜ್ಜಬೇಕು, ಯಾವ ಹನಿಯಲ್ಲಿ ನೋಡಬೇಕು ಅನ್ನುವುದೂ ಗೊತ್ತಾಗುತ್ತೆ.

ಹರಳು ಹುಟ್ಟಬೇಕಾದರೆ ಮೊದಲು ಒಂದಷ್ಟು ಅಣುಗಳು ಸರಿಯಾದ ಜೋಡಣೆಯಲ್ಲಿ ಒಟ್ಟಿಗೆ ಸೇರಬೇಕು. ಚಿಕ್ಕ ಗುಂಪಿನಲ್ಲಿ ಹೊರಮೈ ಜಾಸ್ತಿ, ಒಳಗಿನ ಬಿಗಿ ಕಡಿಮೆ. ಅದಕ್ಕೇ ಅದು ಕಟ್ಟಿದಷ್ಟೇ ಬೇಗ ಕರಗಿ ಹೋಗುತ್ತೆ. ಒಂದು ಅಳತೆ ದಾಟಿದರೆ ಮಾತ್ರ ಬೆಳೆಯುತ್ತೆ. ಆ ಅಳತೆಗೆ ಮುಟ್ಟಲು ಹತ್ತಬೇಕಾದ ಶಕ್ತಿಯ ದಿಬ್ಬವೇ ನಿಮ್ಮ ತೊಂದರೆ.

ಹನಿಯ ಮಧ್ಯೆ, ಯಾವ ಆಸರೆಯೂ ಇಲ್ಲದೆ, ಈ ದಿಬ್ಬ 40 ಕೆಟಿ ಇದೆ ಅಂದುಕೊಳ್ಳಿ. ಕೆಟಿ ಅಂದರೆ ಆ ಉಷ್ಣತೆಯಲ್ಲಿ ಅಣುಗಳ ಕುಲುಕಾಟದ ಅಳತೆ. ಈಗ ಒಂದು ಚಪ್ಪಟೆ ಮೈ ಕೊಡಿ. ಹರಳಿನ ಮೊದಲ ಗುಂಪು ಅದನ್ನು 90 ಡಿಗ್ರಿ ಕೋನದಲ್ಲಿ ಮುಟ್ಟಿದರೆ ಪೂರ್ತಿ ಗೋಳ ಕಟ್ಟುವ ಬದಲು ಅರ್ಧ ಗೋಳ ಸಾಕು. ದಿಬ್ಬ 20ಕ್ಕೆ ಇಳಿಯುತ್ತೆ. ಎರಡು ಗೋಡೆ ನೇರವಾಗಿ ಸೇರುವ ಮೂಲೆ ಕೊಟ್ಟರೆ ಕಾಲು ಗೋಳ, 10 ಕೆಟಿ. ಮೂರು ಗೋಡೆ ಸೇರುವ ಮೂಲೆಯಲ್ಲಿ ಎಂಟರಲ್ಲಿ ಒಂದು ಪಾಲು, 5 ಕೆಟಿ.

ಅರ್ಧ ಆಯ್ತು ಅಂದರೆ ಎರಡು ಪಟ್ಟು ಬೇಗ ಅಂತಲ್ಲ. ಹುಟ್ಟುವ ವೇಗ ದಿಬ್ಬದ ಮೇಲೆ ಘಾತದ ಲೆಕ್ಕದಲ್ಲಿ ನಿಂತಿದೆ. 40ರಿಂದ 20ಕ್ಕೆ ಇಳಿದರೆ, ಬೇರೆಲ್ಲ ಹಾಗೇ ಇದ್ದರೆ, ಒಂದು ಜಾಗದಲ್ಲಿ ಹುಟ್ಟುವ ಅವಕಾಶ ಸುಮಾರು 48 ಕೋಟಿ ಪಟ್ಟು ಏರುತ್ತೆ. ಹನಿಗೆ ಬಿದ್ದ ಒಂದು ಧೂಳಿನ ಕಣವೇ ಇಡೀ ಹನಿಯ ಹಣೆಬರಹ ಬರೆಯುವುದು ಇದಕ್ಕೇ. ಸ್ಲಿಪ್‌ಗೆ ಸಿಲಿಕೋನ್ ಹಚ್ಚುವುದೂ ಇದಕ್ಕೇ. ನಮಗೆ ಗೊತ್ತಿಲ್ಲದ ಜಾಗದಲ್ಲಿ ಹುಟ್ಟುವುದು ಬೇಡ, ನಾವು ಕೊಟ್ಟ ಜಾಗದಲ್ಲಿ ಹುಟ್ಟಲಿ. ಹಾಗಾಗಿ ನಿಮ್ಮ ಎರಡು ಮಾತಿಗೂ ಜಗಳ ಇಲ್ಲ. ಜೊತೆಗೆ ಆ ಲೇಪನ ಇದ್ದರೆ ಹನಿ ಹರಡದೆ ಗುಂಡಗೆ ನಿಲ್ಲುತ್ತೆ.

ಈಗ ಸ್ಯಾಂಡ್‌ಪೇಪರ್. ಎಷ್ಟೇ ಸಣ್ಣ ತರಿಯದ್ದಾದರೂ ಅದರ ಗೀರು ಮೈಕ್ರೋಮೀಟರ್ ಲೆಕ್ಕದ್ದು. ಲೈಸೋಜೈಮ್ ಅನ್ನುವ ಸಣ್ಣ ಪ್ರೋಟೀನಿನ ಅಣು ಮೂರ್ನಾಲ್ಕು ನ್ಯಾನೋಮೀಟರ್. ಗೀರಿನ ಬಾಗು ಅಣುವಿಗೆ ತಿಳಿಯುವುದೇ ಇಲ್ಲ. ದೊಡ್ಡ ಮೈದಾನದಲ್ಲಿ ನಿಂತವನಿಗೆ ನೆಲ ಬಾಗಿದೆ ಅಂತ ಗೊತ್ತಾಗುತ್ತಾ? ಆದರೂ ಗೀರು ಕೆಲವೊಮ್ಮೆ ಕೆಲಸ ಮಾಡುತ್ತೆ. ಗೀರಿನ ತಳದಲ್ಲಿ ಅದಕ್ಕಿಂತ ತುಂಬಾ ಸಣ್ಣ ಬಿರುಕು, ಒಡೆದ ಗಾಜಿನ ಚೂರು ಉಳಿದಿರುತ್ತೆ. ಕೆಲಸ ಅವುಗಳದ್ದು. ಅವು ನಿಮ್ಮ ಹಿಡಿತದಲ್ಲಿಲ್ಲ, ಅಷ್ಟೇ.

ಸಣ್ಣಹನಿ

ಇದು ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್ ಸರ್. ಹಾಗಾದರೆ ನ್ಯಾನೋಮೀಟರ್ ರಂಧ್ರ ಇರುವ ವಸ್ತು ಬೇಕು. ನನ್ನ ಪ್ರೋಟೀನಿಗೆ ಎಷ್ಟು ಅಗಲದ ರಂಧ್ರ ಅಂತ ಲೆಕ್ಕ ಹಾಕಲು ಬರುತ್ತಾ?

ರಂಧ್ರಾನ್ವೇಷಿ

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಲೇಬೇಕು, ತಾಳ್ಮೆ ಇರಲಿ.

1988ರಲ್ಲಿ ಮೆಕ್‌ಫರ್ಸನ್ ಮತ್ತು ಶ್ಲಿಕ್ಟಾ ಅನ್ನುವವರು 50 ಬಗೆಯ ಖನಿಜದ ಪುಡಿಗಳನ್ನು ನಾಲ್ಕು ಪ್ರೋಟೀನುಗಳ ಜೊತೆ ಇಟ್ಟು ನೋಡಿದರು. ಕೆಲವು ಖನಿಜ ಕೆಲವು ಪ್ರೋಟೀನಿಗೆ ಒದಗಿತು. ಅವರ ನೋಟ ಇದ್ದದ್ದು ಮುಖ್ಯವಾಗಿ ಖನಿಜದ ಅಣುಜಾಲಕ್ಕೂ ಪ್ರೋಟೀನ್ ಹರಳಿನ ಜಾಲಕ್ಕೂ ಹೊಂದಿಕೆ ಇದೆಯಾ ಅನ್ನುವುದರ ಮೇಲೆ. ಅದು ಎಲ್ಲರಿಗೂ ಆಗುವ ದಾರಿಯಲ್ಲ. ಹರಳಿನ ಜಾಲ ಮೊದಲೇ ಗೊತ್ತಿದ್ದರೆ ಹರಳಿಗಾಗಿ ಯಾಕೆ ಒದ್ದಾಡುತ್ತೀರಿ?

2001ರಲ್ಲಿ ನವೋಮಿ ಚಾಯೆನ್ ಮತ್ತು ಜೊತೆಗಾರರು ರಂಧ್ರಭರಿತ ಸಿಲಿಕಾನ್ ಬಳಸಿದರು. ಅದರ ರಂಧ್ರ 5ರಿಂದ 10 ನ್ಯಾನೋಮೀಟರ್, ಅಂದರೆ ಪ್ರೋಟೀನ್ ಅಣುವಿನ ಆಸುಪಾಸಿನ ಅಳತೆ. ತಾನಾಗಿ ಹರಳು ಹುಟ್ಟದಷ್ಟು ತೆಳು ದ್ರಾವಣದಲ್ಲೂ ಹಲವು ಪ್ರೋಟೀನ್ ಹರಳುಗಟ್ಟಿದವು. 2006ರಲ್ಲಿ ಅದೇ ಗುಂಪು ಬಯೋಆಕ್ಟಿವ್ ಗ್ಲಾಸ್‌ಗೆ ಬಂತು. ಕ್ಯಾಲ್ಸಿಯಂ, ರಂಜಕ, ಸಿಲಿಕಾ ಇರುವ ಗಾಜು, ರಂಧ್ರ 2ರಿಂದ 10 ನ್ಯಾನೋಮೀಟರ್. 2011ರಲ್ಲಿ ಪ್ರೋಟೀನಿನದೇ ಅಚ್ಚು ಮೂಡಿಸಿದ ಪಾಲಿಮರ್ ಜೆಲ್ ಬಂತು.

ನಿಮ್ಮ ಪ್ರಶ್ನೆಗೆ ಉತ್ತರ 2006ರ ಕೆಲಸದಲ್ಲೇ ಇದೆ. ಒಂದೇ ಅಳತೆಯ ರಂಧ್ರ ಹುಡುಕಬೇಡಿ ಅಂತ. ಅದೇ ವರ್ಷ ಪೇಜ್ ಮತ್ತು ಸಿಯರ್ ಕಂಪ್ಯೂಟರ್ ಲೆಕ್ಕದಲ್ಲಿ ತೋರಿಸಿದ್ದೂ ಇದನ್ನೇ: ರಂಧ್ರದಲ್ಲಿ ಕೆಲಸ ಎರಡು ಹಂತದ್ದು. ಮೊದಲು ರಂಧ್ರ ತುಂಬಬೇಕು, ಆಮೇಲೆ ಬಾಯಿಂದ ಹೊರಗೆ ಉಕ್ಕಿ ಬೆಳೆಯಬೇಕು. ರಂಧ್ರ ಕಿರಿದಾದರೆ ತುಂಬುವುದು ಸಲೀಸು, ಹೊರಬರುವುದು ಕಷ್ಟ. ಅಗಲವಾದರೆ ಹೊರಬರುವುದು ಸಲೀಸು, ತುಂಬುವುದು ಕಷ್ಟ. ನಡುವೆ ಒಂದು ಒಳ್ಳೆಯ ಅಳತೆ ಇದೆ. ಅದು ಪ್ರೋಟೀನಿಗೆ, ದ್ರಾವಣಕ್ಕೆ ತಕ್ಕಂತೆ ಬದಲಾಗುತ್ತೆ. ಹಾಗಾಗಿ ನಾನಾ ಅಳತೆಯ ರಂಧ್ರ ಇರುವ, ಅಡ್ಡಾದಿಡ್ಡಿ ವಸ್ತುವೇ ವಾಸಿ. ಲಕ್ಷಾಂತರ ರಂಧ್ರಗಳಲ್ಲಿ ಒಂದು ಸರಿಯಾದರೂ ನಿಮಗೆ ಹರಳು ಬಂತು.

ಅಂದವಾಗಿ, ಸಾಲಾಗಿ, ಒಂದೇ ಅಳತೆಯ ತೂತು ಕೊರೆದ ಚಿಪ್ ನೋಡಲು ಚೆಂದ. ಆದರೆ ಆ ಅಳತೆ ನಿಮ್ಮ ಪ್ರೋಟೀನಿಗೆ ಒಪ್ಪದಿದ್ದರೆ ಎಲ್ಲ ತೂತೂ ಒಟ್ಟಿಗೆ ವ್ಯರ್ಥ.

ಗಾಜುಕಡ್ಡಿ

ಅಡ್ಡಾದಿಡ್ಡಿ ಅಂದ ಮೇಲೆ ಕೂದಲು ನೆನಪಾಯ್ತು. ಕುದುರೆ ಕೂದಲು ಹಾಕಿ ಹರಳು ಬರಿಸಿದ್ದಾರಂತಲ್ಲ, ನಿಜವಾ?

ರಂಧ್ರಾನ್ವೇಷಿ

ನಿಜ. 2003ರಲ್ಲಿ ಡಾರ್ಸಿ ಮತ್ತು ಜೊತೆಗಾರರು ಪ್ರಕಟಿಸಿದ್ದು. ಕುದುರೆ ಕೂದಲು, ಒಣಗಿದ ಕಡಲಪಾಚಿ, ಸೆಲ್ಯುಲೋಸ್ ಎಲ್ಲ ಇತ್ತು ಅದರಲ್ಲಿ. ಕೂದಲಿನ ಹೊರಗೆ ಹೆಂಚು ಹೊದಿಸಿದ ಹಾಗೆ ಪದರ ಇರುತ್ತೆ, ಅದರ ಅಂಚಿನ ಸಂದುಗಳು ಸಿಗುತ್ತವೆ. ಬೆಕ್ಕಿನ ಮೀಸೆಯದು ಬೇರೆ ವಿಷಯ. ಅದನ್ನು ಹಳೆಯ ಹರಳಿಗೆ ಸವರಿ ಹೊಸ ಹನಿಯಲ್ಲಿ ಎಳೆಯುತ್ತಾರೆ. ಅಲ್ಲಿ ಮೀಸೆ ಬರೀ ಸಾಗಿಸುವ ಕೆಲಸ ಮಾಡುತ್ತೆ, ಹರಳಿನ ಚೂರು ಕೂತಿರುತ್ತೆ ಅದರ ಮೇಲೆ.

ಸಂಶಯಪ್ರಾಣಿ

ಎಲ್ಲರೂ ಖುಷಿಯಲ್ಲಿದ್ದೀರಿ, ಸ್ವಲ್ಪ ತಣ್ಣೀರು ಎರಚುತ್ತೇನೆ.

ಈ ನ್ಯೂಕ್ಲಿಯಂಟ್ (ಹರಳು ಹುಟ್ಟಿಸಲು ಹಾಕುವ ವಸ್ತು) ಪ್ರಯೋಗಗಳಲ್ಲಿ ಯಾವ ಪ್ರೋಟೀನ್ ಇರುತ್ತೆ ನೋಡಿ. ಲೈಸೋಜೈಮ್, ಥೌಮಾಟಿನ್, ಟ್ರಿಪ್ಸಿನ್, ಕ್ಯಾಟಲೇಸ್. ಲೈಸೋಜೈಮ್ ಸುಮ್ನೆ ಉಪ್ಪು ಹಾಕಿ ಇಟ್ಟರೂ ಹರಳುಗಟ್ಟುತ್ತೆ. ಹರಳುಗಟ್ಟುವುದನ್ನು ಹರಳುಗಟ್ಟಿಸಿದೆವು ಅಂದರೆ ಹಠಮಾರಿ ಪ್ರೋಟೀನ್ ಇಟ್ಟುಕೊಂಡು ಕೂತವರಿಗೆ ಏನು ಬಂತು? ಕೆಲವು ಹಠಮಾರಿಗಳೂ ಇದ್ದವು, ಇಲ್ಲ ಅನ್ನುವುದಿಲ್ಲ. ಆದರೆ ಸೋತ ಹನಿಗಳನ್ನು ಯಾರೂ ಪ್ರಕಟಿಸುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ. ಲೈಸೋಜೈಮ್‌ನ ಸಮವಿದ್ಯುತ್ ಬಿಂದು, ಅಂದರೆ ಅದರ ಒಟ್ಟು ಆವೇಶ ಸೊನ್ನೆಯಾಗುವ ಪಿಎಚ್, ಸುಮಾರು 11. ಅದನ್ನು ಹರಳುಗಟ್ಟಿಸುವುದು ಸಾಮಾನ್ಯವಾಗಿ ಪಿಎಚ್ 4.6ರ ಅಸಿಟೇಟ್‌ನಲ್ಲಿ. ಅಲ್ಲಿ ಅದು ಪೂರಾ ಧನ ಆವೇಶದ್ದು. ಗಾಜು, ಸಿಲಿಕಾ ಋಣ ಆವೇಶದವು. ಅಂಟಿಕೊಳ್ಳದೆ ಏನು ಮಾಡುತ್ತೆ? ಒರಟು ಮೈ ಅಂದರೆ ಮೈಯ ವಿಸ್ತಾರವೂ ಜಾಸ್ತಿ, ಅಂಟುವ ಪ್ರೋಟೀನೂ ಜಾಸ್ತಿ. ಹರಳು ಬಂದದ್ದು ರಂಧ್ರದ ಆಕಾರದಿಂದಲಾ, ಆವೇಶದಿಂದಲಾ, ಬರೀ ವಿಸ್ತಾರದಿಂದಲಾ? ಅದೇ ವಸ್ತುವನ್ನು ನುಣುಪು ರೂಪದಲ್ಲಿ ಪಕ್ಕದಲ್ಲಿ ಇಡದಿದ್ದರೆ ಹೇಳಲು ಬರುವುದಿಲ್ಲ.

ಮೂರನೇಆಯಾಮ

ಆವೇಶದ ಮಾತು ಒಪ್ಪಿದೆ. ಮೈ ಗಟ್ಟಿಯಾಗಿ ಹಿಡಿದುಕೊಂಡರೂ ಕೆಡುಕೇ. ಅಣು ತಿರುಗಿ ಸರಿ ದಿಕ್ಕಿಗೆ ಕೂರಲು ಆಗುವುದಿಲ್ಲ, ಕೆಲವೊಮ್ಮೆ ಮಡಿಕೆಯೇ ಬಿಚ್ಚಿಹೋಗುತ್ತೆ. ಹಿಡಿಯಬೇಕು, ಆದರೆ ಬಿಗಿಯಾಗಿ ಅಲ್ಲ.

ಆಕಾರಕ್ಕೇ ಬೆಲೆ ಇದೆಯಾ ಅನ್ನುವುದಕ್ಕೆ ನಾನು ನಂಬುವ ಒಂದು ಪ್ರಯೋಗ ಇದೆ. ಅದು ಪ್ರೋಟೀನಿನದ್ದಲ್ಲ, ಆಸ್ಪಿರಿನ್‌ದು. ಎಂಐಟಿಯ ಗುಂಪು 2011ರಲ್ಲಿ ಮಾಡಿದ್ದು. ಪಾಲಿಮರ್ ಪದರದ ಮೇಲೆ ಬೇರೆ ಬೇರೆ ಆಕಾರದ ನ್ಯಾನೋ ಗುಳಿಗಳು. ಕೋನ ಇರುವ ಗುಳಿಗಳಲ್ಲಿ ಹರಳು ಬೇಗ ಹುಟ್ಟಿತು. ದುಂಡನೆಯ ಗುಳಿಗಳು ತಡ ಮಾಡಿದವು. ಪಾಲಿಮರ್ ಅದೇ, ಬದಲಾದದ್ದು ಆಕಾರ. ಹರಳಿಗೆ ತನ್ನದೇ ಮುಖಗಳಿವೆ, ಮುಖಗಳ ನಡುವೆ ತನ್ನದೇ ಕೋನ ಇದೆ. ಗುಳಿಯ ಮೂಲೆ ಆ ಕೋನಕ್ಕೆ ಹೊಂದಿದರೆ ಅಣುಗಳು ಅಲ್ಲಿ ಸರಿಯಾಗಿ ಕೂರುತ್ತವೆ. ನಾನು ಮೇಲೆ ಹೇಳಿದ ಅರ್ಧ ಗೋಳ, ಕಾಲು ಗೋಳದ ಲೆಕ್ಕ ಹರಳನ್ನು ದ್ರವದ ಹನಿ ಅಂತ ಭಾವಿಸಿ ಮಾಡಿದ್ದು. ಅದು ದಿಕ್ಕು ತೋರಿಸಲು ಸಾಕು, ಅಳತೆ ತೆಗೆಯಲು ಸಾಲದು.

ಹಾಗಾಗಿ ‘ಒರಟು ಆದಷ್ಟೂ ಒಳ್ಳೆಯದು’ ಅನ್ನುವ ಮಾತು ಬಿಡಿ. ದುಂಡು ಉಬ್ಬು ಎಷ್ಟಿದ್ದರೂ ಉಪಯೋಗ ಕಡಿಮೆ. ಬೇಕಾದ್ದು ಒಳಮೂಲೆ.

ಸಂಶಯಪ್ರಾಣಿ

ಆಸ್ಪಿರಿನ್ ಅಣು ಎಲ್ಲಿ, 32 ಕಿಲೋಡಾಲ್ಟನ್ ಎಲ್ಲಿ! ಆದರೂ ಇದನ್ನು ಒಪ್ಪುತ್ತೇನೆ, ನಿಯಂತ್ರಣ ಸರಿಯಾಗಿದೆ.

ಲ್ಯಾಬ್‌ಮೇಜು

ಸಿದ್ಧಾಂತ ಮುಗಿದಿದ್ದರೆ ಕೈಕೆಲಸಕ್ಕೆ ಬರೋಣ. @ಸಣ್ಣಹನಿ, ನೀವು ಹೇಳಿದ ಲಕ್ಷಣ, ಅಂದರೆ ಒಂದು ಕಡೆ ತಿಳಿ, ಇನ್ನೊಂದು ಕಡೆ ಗಸಿ, ನಡುವೆ ಖಾಲಿ, ಇದೇ ಒರಟು ಮೈಗೆ ಹೇಳಿ ಮಾಡಿಸಿದ ಸನ್ನಿವೇಶ. ತಿಳಿ ಹನಿಗಳಲ್ಲಿ ಕೆಲವು ನಿಜಕ್ಕೂ ಮೆಟಾಸ್ಟೇಬಲ್ ವಲಯದಲ್ಲಿರುತ್ತವೆ. ಅಲ್ಲಿ ಹರಳು ಇದ್ದರೆ ಬೆಳೆಯುತ್ತೆ, ತಾನಾಗಿ ಹುಟ್ಟುವುದಿಲ್ಲ. ನ್ಯೂಕ್ಲಿಯಂಟ್ ಹಾಕಬೇಕಾದ್ದು ಅಲ್ಲಿ. ಗಸಿ ಬರುವ ಹನಿಗೆ ಹಾಕಿ ಪ್ರಯೋಜನ ಇಲ್ಲ, ಅಲ್ಲಿ ಪ್ರೋಟೀನ್ ಯಾವ ಮೂಲೆಗೂ ಕಾಯುವುದಿಲ್ಲ.

ಗಸಿ ಶುರುವಾಗುವ ಪಿಇಜಿ ಪ್ರಮಾಣ ಹಿಡಿಯಿರಿ. ಅಲ್ಲಿಂದ ಒಂದೊಂದು ಶೇಕಡದಂತೆ ಕೆಳಗೆ ಇಳಿಯುತ್ತಾ ಒಂದು ಸಾಲು ಹಾಕಿ. ಪ್ರತಿ ಪ್ರಮಾಣಕ್ಕೂ ಮೂರು ಹನಿ ಇರಲಿ. ಒಂದು ಖಾಲಿ, ಒಂದರಲ್ಲಿ ನುಣುಪು ಗಾಜಿನ ಚೂರು, ಒಂದರಲ್ಲಿ ನಿಮ್ಮ ಒರಟು ವಸ್ತು. ಮೂರನ್ನೂ ಒಂದೇ ಸ್ಲಿಪ್ ಮೇಲೆ, ಒಂದೇ ವೆಲ್ ಮೇಲೆ ಹಾಕಿದರೆ ಆವಿಯ ಲೆಕ್ಕ ಮೂರಕ್ಕೂ ಒಂದೇ. ಸಂಶಯಪ್ರಾಣಿಯವರಿಗೂ ಸಮಾಧಾನ.

ಚೂರು ದೊಡ್ಡದಿರಬಾರದು. ಕಣ್ಣಿಗೆ ಕಂಡೂ ಕಾಣದಷ್ಟು ಇದ್ದರೆ ಸಾಕು. ದೊಡ್ಡ ಚೂರು ಹನಿಯನ್ನೇ ಹೀರಿಕೊಂಡು ಚಪ್ಪಟೆ ಮಾಡಿಬಿಡುತ್ತೆ. ಹನಿ ತೆರೆದಿಟ್ಟು ಚೂರು ಹುಡುಕುತ್ತಾ ಕೂತರೆ 1 ಮೈಕ್ರೋಲೀಟರ್ ನೋಡನೋಡುತ್ತಲೇ ಆರುತ್ತೆ, ಆಮೇಲೆ ಬಂದ ಹರಳು ರಂಧ್ರದ್ದಾ, ಆರಿದ್ದರದ್ದಾ ಗೊತ್ತಾಗುವುದಿಲ್ಲ. ಮೊದಲು ಚೂರು ಇಡಿ, ಅದರ ಮೇಲೆ ಹನಿ ಬಿಡಿ.

ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಫೋಕಸ್ ಅನ್ನು ಹನಿಯ ಮಧ್ಯಕ್ಕೆ ಇಡಬೇಡಿ. ಚೂರಿನ ಅಂಚಿಗೆ ಇಳಿಸಿ. ಮೊದಲು ಕಾಣುವುದು ಅಂಚಿನ ಗೆರೆ ಸ್ವಲ್ಪ ಹಲ್ಲು ಹಲ್ಲಾದ ಹಾಗೆ. ಧ್ರುವಕ ತಿರುಗಿಸಿದರೆ ಆ ಹಲ್ಲುಗಳು ಬೆಳಗಿ ಆರುತ್ತವೆ, ಗಾಜು ಸುಮ್ಮನೆ ಕಪ್ಪಾಗಿಯೇ ಇರುತ್ತೆ. ಪ್ಲಾಸ್ಟಿಕ್ ಟ್ರೇ ಮೂಲಕ ನೋಡಿದರೆ ಪ್ಲಾಸ್ಟಿಕ್ಕೇ ಬಣ್ಣ ತೋರಿಸಿ ಮೋಸ ಮಾಡುತ್ತೆ, ಸ್ಲಿಪ್ ಎತ್ತಿ ನೋಡಿ.

ಒಂದು ಎಚ್ಚರಿಕೆ ಇದೆ. ಬಯೋಆಕ್ಟಿವ್ ಗ್ಲಾಸ್ ಹಾಕುವುದಾದರೆ ಅದು ಕ್ಯಾಲ್ಸಿಯಂ ಬಿಡುತ್ತೆ. ನಿಮ್ಮ ಬಫರ್ ಫಾಸ್ಫೇಟ್ ಆಗಿದ್ದರೆ ಅಂದವಾದ ಉಪ್ಪಿನ ಹರಳು ಬಂದು ಕೂರುತ್ತೆ. ಮೀಥಿಲೀನ್ ನೀಲಿ ಹಾಕಿ ನೋಡಿ. ಪ್ರೋಟೀನ್ ಹರಳಿನ ಒಳಗೆ ಹೆಚ್ಚುಕಮ್ಮಿ ಅರ್ಧ ದ್ರಾವಣವೇ ಇರುವುದರಿಂದ ಬಣ್ಣ ಒಳಗೆ ಇಳಿಯುತ್ತೆ. ಉಪ್ಪು ಬಣ್ಣ ಹೀರುವುದಿಲ್ಲ. ಸೂಜಿಯಲ್ಲಿ ಒತ್ತಿದರೆ ಪ್ರೋಟೀನಿನದು ಮೆತ್ತಗೆ ಪುಡಿಯಾಗುತ್ತೆ, ಉಪ್ಪು ಕಟಕ್ ಅನ್ನುತ್ತೆ.

ಸಣ್ಣಹನಿ

ಇದನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಅಂಟಿಸಿದೆ. ಇನ್ನೊಂದು ಕೇಳ್ತೀನಿ, ಬೈಬೇಡಿ. ರಂಧ್ರಭರಿತ ಸಿಲಿಕಾನ್ ನಾವೇ ಮಾಡಬಹುದಾ? ಸಿಲಿಕಾನ್ ವೇಫರ್ ಚೂರುಗಳು ಇವೆ. ಪಕ್ಕದ ಲ್ಯಾಬಿನಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೂ ಇದೆ.

ವೇದಿಕೆ_ಮೇಲ್ವಿಚಾರಕ

ಬೈಯುವುದಿಲ್ಲ, ಆದರೆ ಬೇಡ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೂಲಕ ಒಳಗಿಳಿದು ದೇಹದ ಕ್ಯಾಲ್ಸಿಯಂ ಹಿಡಿದುಬಿಡುತ್ತೆ. ತೆಳು ದ್ರಾವಣ ಬಿದ್ದರೆ ನೋವು ಗಂಟೆಗಟ್ಟಲೆ ತಡವಾಗಿ ಶುರುವಾಗಬಹುದು. ಅಷ್ಟರಲ್ಲಿ ಒಳಗೆ ಹಾನಿ ಆಗಿರುತ್ತೆ. ತರಬೇತಿ, ಅದಕ್ಕೆಂದೇ ಇರುವ ಹುಡ್, ಕೈಗೆಟಕುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್, ಜೊತೆಗೆ ಇನ್ನೊಬ್ಬರು ಇಲ್ಲದೆ ಆ ಬಾಟಲಿ ಮುಟ್ಟಬಾರದು. ಎಚ್ಚಣೆ (ಆಮ್ಲದಿಂದ ಮೈ ಕೊರೆಯುವುದು) ಮಾಡುವ ಗುಂಪಿನಿಂದ ಸಿದ್ಧ ಚೂರು ಕೇಳಿ ಪಡೆಯಿರಿ. ಈ ಎಳೆಯಲ್ಲಿ ಆ ವಿಧಾನದ ವಿವರ ಯಾರೂ ಹಾಕಬೇಡಿ.

ರಂಧ್ರಾನ್ವೇಷಿ

ಸಿದ್ಧ ಚೂರು ಸಿಕ್ಕಿದರೂ ಹಳೆಯದಾಗಿದ್ದರೆ ಹೊಸದರ ಹಾಗೆ ವರ್ತಿಸುವುದಿಲ್ಲ. ಗಾಳಿಗೆ ಸಿಲಿಕಾನ್ ಮೈ ಆಕ್ಸೈಡ್ ಆಗುತ್ತಾ ಹೋಗುತ್ತೆ, ನೀರಿನ ಜೊತೆಗಿನ ಸಂಬಂಧವೇ ಬದಲಾಗುತ್ತೆ. ಯಾವಾಗ ಮಾಡಿದ್ದು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಎಕ್ಸ್‌ರೇಸಾಲು

ಯಾರೂ ಕೇಳದ ಪ್ರಶ್ನೆ ಕೇಳುತ್ತೇನೆ. ಹರಳು ಬಂದ ಮೇಲೆ ಅದನ್ನು ತೆಗೆಯುವುದು ಹೇಗೆ? ಒರಟು ಮೈಯಲ್ಲಿ ಹುಟ್ಟಿದ್ದು ಅಲ್ಲೇ ಬೇರು ಬಿಟ್ಟಿರುತ್ತೆ. ಲೂಪ್ (ಹರಳು ಎತ್ತುವ ಸಣ್ಣ ಕುಣಿಕೆ) ಹಾಕಿ ಎಳೆದರೆ ಬುಡದಲ್ಲಿ ಬಿರುಕು. ಕಿರಣದಲ್ಲಿ ಇಟ್ಟಾಗ ಚುಕ್ಕೆಗಳು ಉದ್ದುದ್ದ ಎಳೆದುಕೊಳ್ಳುತ್ತವೆ. ನಾನು ಕಂಡ ಮಟ್ಟಿಗೆ ಸಡಿಲವಾಗಿ ತೇಲುವ ಸಣ್ಣ ಪುಡಿ ಕಣವೇ ಲೇಸು. ಸ್ಲಿಪ್ ಮೇಲೆ ಕೆತ್ತಿದ ವಿನ್ಯಾಸ ಬೇಡ.

ಎಷ್ಟು ಹರಳು ಬೇಕು ಅನ್ನುವುದನ್ನೂ ಮೊದಲೇ ಯೋಚಿಸಿ. ಎಕ್ಸ್‌ರೇ ಲೇಸರ್‌ನಲ್ಲಿ ಸಾಲಾಗಿ ಹರಿಸುವ ಕೆಲಸಕ್ಕಾದರೆ ಸಾವಿರಾರು ಪುಟ್ಟ ಹರಳು ಬೇಕು, ಜಾಸ್ತಿ ನ್ಯೂಕ್ಲಿಯಂಟ್ ಹಾಕಿ. ಎಕ್ಸ್‌ರೇ ಬದಲು ನ್ಯೂಟ್ರಾನ್ ಕಿರಣ ಬಳಸುವುದಾದರೆ ಒಂದು ಘನ ಮಿಲಿಮೀಟರ್ ಹತ್ತಿರದ ದೊಡ್ಡ ಹರಳು ಬೇಕು, ಅಲ್ಲಿ ಒಂದೆರಡೇ ಹುಟ್ಟಬೇಕು. ಹುಟ್ಟಿದ್ದೆಲ್ಲ ಒಂದೇ ಪ್ರೋಟೀನನ್ನು ಹಂಚಿಕೊಂಡು ತಿನ್ನುತ್ತವೆ.

ಸಂಶಯಪ್ರಾಣಿ

ಒರಟು ಮೈಗೆ ಹೋಗುವ ಮುಂಚೆ ಪ್ರೋಟೀನ್ ಸರಿ ಇದೆಯಾ ನೋಡಿ. ಜೆಲ್‌ನಲ್ಲಿ ಒಂದು ಬ್ಯಾಂಡ್ ಅಂದರೆ ಗುಂಪು ಕಟ್ಟಿಲ್ಲ ಅಂತ ಅರ್ಥ ಅಲ್ಲ. ಬೆಳಕು ಚದುರಿಕೆಯಲ್ಲಿ (ದ್ರಾವಣದೊಳಗಿನ ಕಣದ ಗಾತ್ರ ಅಳೆಯುವ ಪರೀಕ್ಷೆ) ಒಂದೇ ಅಳತೆ ಬರುತ್ತಾ? ಶುದ್ಧೀಕರಣಕ್ಕೆಂದು ತುದಿಗೆ ಸೇರಿಸಿದ ಹಿಸ್ಟಿಡಿನ್ ಟ್ಯಾಗ್ ಕತ್ತರಿಸಿದ್ದೀರಾ? ಹೊರಮೈಯಲ್ಲಿ ಲೈಸಿನ್, ಗ್ಲುಟಮೇಟ್ ಅನ್ನುವ ಅಮೈನೋ ಆಮ್ಲಗಳು ಗುಂಪಾಗಿದ್ದರೆ ಅಲನಿನ್‌ಗೆ ಬದಲಿಸುವ ದಾರಿಯೂ ಇದೆ. ಅಣು ಅಣುವಿನ ಜೊತೆ ಕೂರಲು ಒಪ್ಪದಿದ್ದರೆ ಯಾವ ಮೂಲೆಯೂ ಕೂರಿಸುವುದಿಲ್ಲ.

ಮತ್ತೆ, ಒಂದು ಕೆಟ್ಟ ಹರಳಿದ್ದರೂ ನಾನು ಸೀಡಿಂಗ್‌ಗೇ, ಅಂದರೆ ಆ ಹರಳಿನ ಪುಡಿಯನ್ನೇ ಹೊಸ ಹನಿಗೆ ಬೀಜವಾಗಿ ಹಾಕುವುದಕ್ಕೇ, ಹೋಗುತ್ತೇನೆ. ತನ್ನದೇ ಹರಳಿಗಿಂತ ಒಳ್ಳೆಯ ಮೈ ಯಾವುದಿದೆ? ನ್ಯೂಕ್ಲಿಯಂಟ್‌ಗೆ ನಾನು ಕೊಡುವ ಜಾಗ ಒಂದೇ: ಸೀಡ್ ಮಾಡಲು ಏನೂ ಇಲ್ಲದಾಗ.

ಸಣ್ಣಹನಿ

ಫಲಿತಾಂಶ ಬಂತು! ಬೆಳಕು ಚದುರಿಕೆ ಸರಿ ಇತ್ತು, ಟ್ಯಾಗ್ ಕತ್ತರಿಸಿದೆ. ಲ್ಯಾಬ್‌ಮೇಜು ಅವರ ಹಾಗೆ ಸಾಲು ಹಾಕಿದೆ. ಖಾಲಿ, ನುಣುಪು ಚೂರು, ಗೀಚಿ ಪುಡಿ ಮಾಡಿದ ಗಾಜು. ಕುತೂಹಲಕ್ಕೆ ಒಂದು ಸಾಲು ಕೂದಲೂ ಹಾಕಿದೆ. ಗಸಿ ಗೆರೆಗಿಂತ ಸ್ವಲ್ಪ ಕೆಳಗೆ ಗೀಚಿದ ಗಾಜಿನ ಹನಿಗಳಲ್ಲಿ ಸೂಜಿ ಗೊಂಚಲು ಬಂದಿದೆ, ಎಲ್ಲದರಲ್ಲೂ ಅಲ್ಲ. ಕೂದಲಿನಲ್ಲೂ ಕೆಲವು. ಖಾಲಿ ಮತ್ತು ನುಣುಪು ಹನಿಗಳು ಅದೇ ಪ್ರಮಾಣದಲ್ಲಿ ಇನ್ನೂ ತಿಳಿ. ನೀಲಿ ಒಳಗೆ ಇಳಿಯಿತು, ಸೂಜಿಯಲ್ಲಿ ಒತ್ತಿದರೆ ಮೆತ್ತಗೆ. ಆದರೆ ತುಂಬಾ ತೆಳು, ಕಿರಣಕ್ಕೆ ಇಡುವಂಥದ್ದಲ್ಲ. ಗೀಚಿದ ಗಾಜನ್ನೇ ಇನ್ನೂ ಸುಧಾರಿಸಲಾ?

ಸಂಶಯಪ್ರಾಣಿ

ಬೇಡ. ಗಾಜಿನ ಕೆಲಸ ಮುಗಿಯಿತು, ಈಗ ನಿಮ್ಮ ಹತ್ತಿರ ಸೀಡ್ ಇದೆ. ಆ ಗೊಂಚಲನ್ನು ವೆಲ್ ದ್ರಾವಣದಲ್ಲೇ ಪುಡಿ ಮಾಡಿ. ಗಾಜಿನ ಚೂರು ಕೆಳಗೆ ಕೂರಲು ಬಿಟ್ಟು ಮೇಲಿನದನ್ನು ತೆಗೆದುಕೊಳ್ಳಿ. ನೂರು ಪಟ್ಟು, ಸಾವಿರ ಪಟ್ಟು ತೆಳು ಮಾಡಿದ ಸಾಲು ಇಟ್ಟುಕೊಂಡು ಹೊಸ ಸ್ಕ್ರೀನಿನ (ಬೇರೆ ಬೇರೆ ದ್ರಾವಣಗಳ ಸಾಲಿನ) ಎಲ್ಲ ಹನಿಗಳಿಗೂ ಹಾಕಿ. ಬೇರೆ ದ್ರಾವಣದಲ್ಲಿ ಬೇರೆ ಆಕಾರದ ಹರಳು ಬರುವ ಅವಕಾಶ ಚೆನ್ನಾಗಿದೆ.

ಲ್ಯಾಬ್‌ಮೇಜು

ಪುಡಿ ಮಾಡುವಾಗ ಟ್ಯೂಬ್ ಐಸ್ ಮೇಲಿರಲಿ, ಬಿಸಿಗೆ ಸೀಡ್ ಕರಗುತ್ತೆ. ಉಳಿದದ್ದನ್ನು ಚಿಕ್ಕ ಚಿಕ್ಕ ಪಾಲು ಮಾಡಿ ಮೈನಸ್ 80ಕ್ಕೆ ಹಾಕಿ. ಟ್ಯೂಬ್ ಮೇಲೆ ವೆಲ್ ದ್ರಾವಣದ ಹೆಸರು ಬರೆಯುವುದು ಮರೆಯಬೇಡಿ.